ಡೇಲಿಯಾ ಗೆಡ್ಡೆಯೂ ನಮ್ಮ ಮನೆಯ ಮಾಲಿಯೂ

ಹೂವಿನ ಗಿಡ ಬೆಳೆಸುವವರೆಲ್ಲ ಒಳ್ಳೆಯವರು ಎಂಬ ಮಾತನ್ನು ಯಾರು ಹುಟ್ಟಿಸಿದರೋ ಕಾಣೆ. ನಾನು ಬೆಳೆಸಲು ಹೊರಟದ್ದು ಒಂದೇ ಒಂದು ಜಾತಿಯ ಹೂವು. ಅಷ್ಟರೊಳಗೆ ದುರಾಸೆ, ಜಂಬ, ಸುಳ್ಳು ಮೂರನ್ನೂ ಮಾಡಿ ಮುಗಿಸಿದೆ. ಡೇಲಿಯಾ ಕಂಡರೆ ಎಲ್ಲರೂ ಹೂವನ್ನು ನೋಡುತ್ತಾರೆ, ನಾನು ಈಗಲೂ ನೆಲ ನೋಡುತ್ತೇನೆ.

ಐವತ್ತರ ದಶಕದ ಮಾತು. ರಾಜಾಜಿನಗರ ಆಗತಾನೇ ಏಳುತ್ತಿತ್ತು. ನಾವು ಬಾಡಿಗೆಗಿದ್ದ ಮನೆಯ ಜಾಗದಲ್ಲಿ ಮೊದಲು ಪಕ್ಕದ ಹಳ್ಳಿಯ ತಿಮ್ಮೇಗೌಡರ ರಾಗಿ ಹೊಲವಿತ್ತಂತೆ. ಹೊಲ ಬಡಾವಣೆಗೆ ಹೋದರೂ ಬೆಳಿಗ್ಗೆ ಒಮ್ಮೆ ಅದನ್ನು ನೋಡಿ ಹೋಗುವ ಅಭ್ಯಾಸ ಗೌಡರಿಗೆ ಹೋಗಿರಲಿಲ್ಲ. ಕಾಂಪೌಂಡಿನಾಚೆ ನಿಂತು, "ನಿಮ್ಮ ಒಲೆ ಐತಲ್ಲ ಸ್ವಾಮಿ, ಆ ತಾವು ರಾಗಿ ಶಾನೆ ಚೆನ್ನಾಗಿ ಬತ್ತಿತ್ತು" ಅನ್ನುತ್ತಿದ್ದರು. ನನ್ನ ಹೆಂಡತಿ ಕಮಲ ಅವರಿಗೆ ಕಾಫಿ ಕೊಡುತ್ತಿದ್ದಳು, ನಾನು ಉಪದೇಶ ಕೊಡುತ್ತಿದ್ದೆ.

ಆಫೀಸಿನಲ್ಲಿ ನಾನು ಹಂಗಾಮಿ ಗುಮಾಸ್ತ. ಖಾಯಂ ಆಗಬೇಕಾದರೆ ನಮ್ಮ ಸಾಹೇಬರ ಶಿಫಾರಸು ಬೇಕು. ಸಾಹೇಬರಿಗೋ ಡೇಲಿಯಾ ಹುಚ್ಚು. ಒಂದು ದಿನ ಗೆಡ್ಡೆಗಳ ಗೊಂಚಲೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟು, "ಹೂ ಬಿಟ್ಟಾಗ ಹೇಳ್ರೀ, ಬಂದು ನೋಡ್ತೀನಿ" ಎಂದರು. ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಬೇಕು, ನಾಲ್ಕು ಬೆರಳು ಮಣ್ಣು ಮುಚ್ಚಬೇಕು, ಮೊಳಕೆ ಕಾಣುವವರೆಗೆ ನೀರು ಅತಿಯಾಗಬಾರದು ಎಂದು ಪಾಠವನ್ನೂ ಹೇಳಿದರು. ಇನ್ನೂ ಏನೇನೋ ಹೇಳಿದರು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಖಾಯಂ ಆಗಿ, ಬಡ್ತಿಯನ್ನೂ ಪಡೆಯುತ್ತಿದ್ದುದರಿಂದ ಕೇಳಿಸಲಿಲ್ಲ.

ಮನೆಗೆ ಬಂದು ಗೊಂಚಲನ್ನು ಮುರಿದೆ. ಗೆಣಸಿನಂತೆ ದಪ್ಪಗಿದ್ದ ಐದು ನನಗೆ. ಹಳೆಯ ಕಾಂಡದ ಚೂರು ಅಂಟಿಕೊಂಡಿದ್ದ, ಸೊರಗಿದ ಒಂದು ಗೆಡ್ಡೆ ಗೌಡರಿಗೆ. "ಇದು ಸೀಮೆ ಗೆಡ್ಡೆ ಗೌಡ್ರೇ, ರಾಗಿ ಚೆಲ್ಲಿದ ಹಾಗಲ್ಲ" ಎಂದು ಎಚ್ಚರಿಕೆಯನ್ನೂ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಪಂಚೆಯಂಚಿಗೆ ಕಟ್ಟಿಕೊಂಡು ಹೋದರು.

ನನ್ನ ಐದು ಗೆಡ್ಡೆಗಳಿಗೆ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು. ಮೂರು ದಿನಕ್ಕೊಮ್ಮೆ ಮಣ್ಣು ಕೆದಕಿ ಯೋಗಕ್ಷೇಮ ವಿಚಾರಣೆ. ತಿಂಗಳು ಕಳೆದರೂ ಮೊಳಕೆಯ ಸುಳಿವಿಲ್ಲ, ಬದಲಿಗೆ ವಾಸನೆ ಬಂತು. ಗೌಡರು ಕೊಳೆತದ್ದನ್ನು ಕೈಯಲ್ಲಿ ಹಿಡಿದು ನೋಡಿ, "ಆಲೂಗೆಡ್ಡೆಗಾದ್ರೆ ಮೈಯೆಲ್ಲ ಮೊಳಕೆ ಕಣ್ಣು. ಇದಕ್ಕೆ ಕಾಂಡದ ಬುಡದಾಗೆ ಮಾತ್ರ ಸ್ವಾಮಿ. ಕಣ್ಣು ನಂಗೆ ಕೊಟ್ಟು, ನೀವು ಬರೀ ಹೊಟ್ಟೆ ಮಡಿಕ್ಕಂಡ್ರಿ" ಎಂದರು. ಅವರ ಮನೆ ಮುಂದೆ, ತಳಕ್ಕೆ ತೂತು ಹೊಡೆದ ಸೀಮೆಎಣ್ಣೆ ಡಬ್ಬದಲ್ಲಿ, ಬಿದಿರು ಕಡ್ಡಿಗೆ ಒರಗಿಕೊಂಡು ಆ ಸೊರಗಿದ ಗೆಡ್ಡೆ ಮತ್ತೆರಡು ತಿಂಗಳಿಗೆ ತಟ್ಟೆಯಗಲದ ಕೆಂಪು ಹೂ ಬಿಟ್ಟಿತು.

ಸಾಹೇಬರು ಕೇಳಿದಾಗಲೆಲ್ಲ "ಚೆನ್ನಾಗಿದೆ ಸಾರ್" ಎನ್ನುತ್ತಲೇ ಬಂದಿದ್ದೆ. ಕೊನೆಗೆ, "ಈ ಭಾನುವಾರ ಬರ್ತೀನಿ" ಎಂದುಬಿಟ್ಟರು. ಓಡಿಹೋಗಿ ಗೌಡರ ಕೈಕಾಲು ಹಿಡಿದೆ. ಪಾಪ, ಅವರೇ ಡಬ್ಬ ಹೊತ್ತು ತಂದು ನಮ್ಮ ಬಾಗಿಲಲ್ಲಿಟ್ಟರು. ಅವರು ತಿರುಗಿ ಹೊರಡುವಷ್ಟರಲ್ಲಿ ಸಾಹೇಬರ ಕಾರು ಬಂತು.

"ಇವನ್ಯಾರ್ರೀ?" ಎಂದರು ಸಾಹೇಬರು.

"ನಮ್ಮ ಮಾಲಿ ಸಾರ್" ಎಂದೆ.

ಹಂಗಾಮಿ ಗುಮಾಸ್ತನಿಗೆ ಮಾಲಿ ಎಲ್ಲಿಂದ ಬಂದ ಎಂದು ಸಾಹೇಬರಿಗೆ ಹೊಳೆಯಲಿಲ್ಲ. "ಕವಲೊಡೆಯೋಕೆ ಗಿಡದ ತುದಿ ಯಾವಾಗ ಚಿವುಟಿದಿರಿ?" ಎಂದು ಸಾಹೇಬರು ನನ್ನನ್ನು ಕೇಳಿದರು. ಗೌಡರು ಕೈಕಟ್ಟಿ ನಿಂತು, "ನಾಕು ಜೊತೆ ಎಲೆ ಬಂದ ಮ್ಯಾಲೆ, ಬುದ್ಧೀ" ಎಂದರು. ನನ್ನ ಸುಳ್ಳು ಉಳಿಯಲೆಂದು ಅವರು ಆಳಿನಂತೆ ಆಡಿದ ಆ 'ಬುದ್ಧೀ' ಕೇಳಿ ನನಗೆ ಅಲ್ಲೇ ಭೂಮಿಗಿಳಿದು ಹೋಗೋಣ ಎನಿಸಿತು. ಸಾಹೇಬರು ಮಾತ್ರ ಹಿಗ್ಗಿ, "ಇವನನ್ನ ಭಾನುವಾರ ಭಾನುವಾರ ನಮ್ಮನೆ ತೋಟಕ್ಕೂ ಕಳಿಸ್ರೀ" ಎಂದು ಹೇಳಿ ಹೊರಟರು.

"ಅವರ ಹೊಲದ ಮೇಲೆ ಒಲೆ ಹಚ್ಕೊಂಡು, ಅವರನ್ನೇ ಆಳು ಮಾಡಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದಳು ಕಮಲ. ಆಗಿತ್ತು. ಡಬ್ಬ ಹೊತ್ತುಕೊಂಡು ಗೌಡರ ಮನೆಗೆ ಹೋಗಿ, "ತಪ್ಪಾಯ್ತು ಗೌಡ್ರೇ" ಎಂದೆ.

"ಹೋಗ್ಲಿ ಬುಡಿ, ನಿಮ್ಮ ಕೆಲ್ಸ ಗಟ್ಟಿಯಾದ್ರೆ ಸಾಕು. ಆದ್ರೆ ಇನ್ನೊಬ್ಬರ ತೋಟ ಅಗೆಯಾಕೆ ನಾ ಹೋಗಾಕಿಲ್ಲ. ಸಾಹೇಬ್ರಿಗೆ ನಿಜ ಹೇಳ್ಬುಡಿ."

"ಅದು ಹೇಗೆ ಹೇಳೋದು?"

"ಹಂಗಾರೆ ನೀವೇ ಹೋಗಿ ಅಗೀರಿ. ನಾ ಹೇಳ್ಕೊಡ್ತೀನಿ."

ಹಾಗೇ ಆಯಿತು. ಶನಿವಾರ ಸಂಜೆ ಗೌಡರ ಹಿತ್ತಲಲ್ಲಿ ಕಲಿತದ್ದನ್ನು ಭಾನುವಾರ ಸಾಹೇಬರ ತೋಟದಲ್ಲಿ ಮಾಡುವುದು. ಎಲೆ ಹಳದಿಯಾದ ಮೇಲೆ ಗೆಡ್ಡೆ ಕೀಳುವುದು, ನೆರಳಲ್ಲಿ ಆರಿಸುವುದು, ಒಣ ಮರಳಿನಲ್ಲಿ ಹೂತಿಡುವುದು. ಮಾಲಿ ಊರಿಗೆ ಹೋಗಿದ್ದಾನೆಂದು ಸಾಹೇಬರಿಗೆ ಹೇಳಿದ್ದೆ. ಆರು ತಿಂಗಳಿಗೆ ಖಾಯಂ ಆರ್ಡರೂ ಬಂತು. ಇನ್ನು ನಿಜ ಹೇಳಲು ಹೆದರಿಕೆಯೇನೂ ಇರಲಿಲ್ಲ. ಆದರೂ ಸಾಹೇಬರು ನಿವೃತ್ತರಾಗುವವರೆಗೆ ಅವರ ತೋಟ ಅಗೆದೆನೇ ಹೊರತು ಆ ಮಾತು ಬಾಯಿಂದ ಹೊರಡಲಿಲ್ಲ. ಒಂದು ನಿಜ ಹೇಳುವುದಕ್ಕಿಂತ ನಾಲ್ಕು ವರ್ಷ ಮಣ್ಣು ಹೊರುವುದೇ ನನಗೆ ಸುಲಭವಾಗಿ ಕಂಡಿತು.