ಗುರುವಾರ ಮೂರೂವರೆಯ ಗುಡ್ಡ

ಇನ್ನು ಮುಂದೆ ಈ ಮನೆಗೆ ಕರೆಂಟು ಸರಬರಾಜು ಮಾಡುವವನು ಸಾಕ್ಷಾತ್ ಸೂರ್ಯದೇವನೇ ಎಂದು ನಾನು ಜಗಲಿಯಲ್ಲಿ ನಿಂತು ಘೋಷಿಸಿದೆ!

"ಸರಸ, ಕಂಬದ ಕರೆಂಟಿಗೆ ಕೈಚಾಚಿದ್ದು ಸಾಕು. ಇವತ್ತಿನಿಂದ ಈ ಮುಂಡಪ್ಪ ಸ್ವತಂತ್ರ."

ನನ್ನ ಧರ್ಮಪತ್ನಿ ಬಸಳೆ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ. "ಸ್ವತಂತ್ರ ಆದ ಮೇಲೆ ಬಚ್ಚಲಿನ ನಳ್ಳಿ ರಿಪೇರಿ ಮಾಡ್ಲಿಕ್ಕೆ ಪುರುಸೊತ್ತು ಸಿಗ್ತದಾ?" ಎಂದಳು.

ಪುಣೆಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ, ಇಪ್ಪತ್ತು ಜನರನ್ನು ಕಣ್ಣಸನ್ನೆಯಲ್ಲೇ ಕುಣಿಸಿ ಪಾಣೆಮಂಗಳೂರಿಗೆ ಮರಳಿದ ನನಗೆ ಈ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟು. ಇರಲಿ. ತಾರಸಿಯ ಮೇಲೆ ಹನ್ನೆರಡು ಪ್ಯಾನಲುಗಳು ಕೂತವು. ನಾನು ತೆಂಗಿನಕಾಯಿ ಒಡೆದೆ. ಕೊನೆಗೆ ಕಂಪೆನಿಯ ಹುಡುಗಿ ಕೇಳಿದಳು, "ಅಂಕಲ್, ಆ್ಯಪ್ ಯಾರ ಮೊಬೈಲಿಗೆ ಹಾಕುವ?"

ನನ್ನದು ಗುಂಡಿ ಒತ್ತುವ ಮೊಬೈಲು. ಸರಸಳದ್ದರಲ್ಲಿ ಭಜನೆ ತುಂಬಿ ಜಾಗವಿಲ್ಲ. "ಮಸ್ಕತ್ತಿನಲ್ಲಿರುವ ಮಗಳು ಸುರಕ್ಷಾಳ ಮೊಬೈಲಿಗೆ ಹಾಕಿ. ಅಪ್ಪನ ಸೂರ್ಯ ಎಷ್ಟು ದುಡಿಯುತ್ತಾನೆಂದು ಅವಳೂ ನೋಡಲಿ" ಎಂದೆ. ನನ್ನ ಕೈಯಾರೆ ನಾನೇ ತೋಡಿಕೊಂಡ ಗುಂಡಿ ಅದು!

ಈಗ ಮೀನಿನ ವಿಷಯ ಹೇಳಬೇಕು. ಮದುವೆಯಾಗಿ ಆರು ವರ್ಷಕ್ಕೆ ಸುರಕ್ಷಾ ಬಸುರಿಯಾದಳು. ಸುದ್ದಿ ಬಂದ ದಿನವೇ ಸರಸ ನಾಗನಿಗೆ ಹರಕೆ ಹೊತ್ತಳು: ಮಗು ಕ್ಷೇಮವಾಗಿ ಹುಟ್ಟುವವರೆಗೆ ತಾಯಿ, ತಂದೆ, ಮಗಳು ಮೂವರೂ ಮೀನು ಮುಟ್ಟುವಂತಿಲ್ಲ. ನಾನೂ ಕೈಮುಗಿದು ಒಪ್ಪಿದೆ. ಆಗಷ್ಟೇ ನಾಲ್ಕು ಬಂಗುಡೆ ತಿಂದು ಎದ್ದಿದ್ದೆ, ಹೊಟ್ಟೆ ತುಂಬಿದ್ದಾಗ ಯಾವ ಹರಕೆಗೂ ಒಪ್ಪಬಹುದು.

ಎರಡು ತಿಂಗಳು ಕಳೆಯಿತು. ಮೀನಿನ ನಿಝಾಮ್ ದಿನಾ ನಮ್ಮ ಗೇಟಿನ ಎದುರೇ ಹಾರ್ನ್ ಒತ್ತುತ್ತಿದ್ದ. "ಮುಂಡಪ್ಪಣ್ಣ, ಈ ಬಂಗುಡೆಯ ಕಣ್ಣು ನೋಡಿ. ಇನ್ನೂ ಸಮುದ್ರದಲ್ಲೇ ಇದ್ದೇನೆ ಅಂತ ತಿಳ್ಕೊಂಡಿದೆ."

ಮನುಷ್ಯ ಎಷ್ಟು ತಡೆದುಕೊಂಡಾನು? ಗುರುವಾರ ಮೂರು ಗಂಟೆಗೆ ಸರಸ ಸ್ವಸಹಾಯ ಸಂಘದ ಮೀಟಿಂಗಿಗೆ ಹೋಗುತ್ತಾಳೆ. ಅಂದು ಮಾತ್ರ ನಿಝಾಮ್ ಹಾರ್ನ್ ಇಲ್ಲದೆ ಹಿತ್ತಲಿಗೆ ಬರತೊಡಗಿದ. ಸೌದೆ ಕೊಟ್ಟಿಗೆಯಲ್ಲಿ ಇಂಡಕ್ಷನ್ ಒಲೆ ಇಟ್ಟೆ. ಹರಕೆ ಮನೆಗೆ, ಕೊಟ್ಟಿಗೆ ಮನೆಯಲ್ಲ. ಬೆಂಕಿ ನಾನು ಹೊತ್ತಿಸಿದ್ದಲ್ಲ, ಸೂರ್ಯ ಕೊಟ್ಟದ್ದು! ತಿಂದು, ಮುಳ್ಳು ಹೂತು, ಲವಂಗ ಜಗಿದು, ಐದು ಗಂಟೆಗೆ ಪೇಪರು ಹಿಡಿದು ಕೂರುತ್ತಿದ್ದೆ. ಹೀಗೆ ಆರು ಗುರುವಾರ ನಿರ್ವಿಘ್ನವಾಗಿ ನೆರವೇರಿದವು.

ಏಳನೆಯದರ ಮರುದಿನ ಮಗಳ ಫೋನು ಬಂತು. "ಅಪ್ಪ, ಗುರುವಾರ ಮೂರೂವರೆಗೆ ಮನೆಯಲ್ಲಿ ಎಂತ ಓಡ್ತದೆ?"

"ಎಂತದೂ ಇಲ್ಲ."

"ಆ್ಯಪಿನಲ್ಲಿ ಮನೆಯ ಕರೆಂಟು ಖರ್ಚಿನ ಗೆರೆ ಬರ್ತದೆ. ಬೇರೆ ದಿನ ಆ ಹೊತ್ತಿಗೆ ಗದ್ದೆಯ ಹಾಗೆ ಚಪ್ಪಟೆ. ಗುರುವಾರ ಮಾತ್ರ ಒಂದು ಗುಡ್ಡ."

"ಅದು ಪಂಪು."

"ಪಂಪು ಆದ್ರೆ ಗೆರೆ ನೇರ ಇರ್ತದೆ. ಇದು ಹತ್ತಿ, ಸ್ವಲ್ಪ ಇಳಿದು, ಪುನಃ ಹತ್ತಿದೆ. ಒಂದು ಬದಿ ಆದ ಮೇಲೆ ಉರಿ ಸಣ್ಣ ಮಾಡಿ ಮಗುಚಿ ಹಾಕಿದ ಹಾಗೆ."

ನನಗೆ ಮೈಯೆಲ್ಲ ಉರಿದುಹೋಯಿತು! ಯಾರ ತಾರಸಿ? ಯಾರ ಒಲೆ? ಕಂಬದ ಕರೆಂಟು ಇಷ್ಟು ವರ್ಷ ಈ ಮನೆಯಲ್ಲಿ ಓಡಾಡಿದೆ, ಒಂದು ದಿನ ಯಾರ ಹತ್ತಿರವೂ ಬಾಯಿ ಬಿಟ್ಟಿದ್ದಿಲ್ಲ. ಈ ಸೂರ್ಯ ಬಂದು ನಾಲ್ಕು ತಿಂಗಳಾಗಿಲ್ಲ, ಮಸ್ಕತ್ತಿಗೆ ಚಾಡಿ!

"ಇದು ಕರೆಂಟಾ, ಸಿಐಡಿಯಾ? ಹೆತ್ತ ಅಪ್ಪನ ಮೇಲೆ ಕಾವಲಾ? ನಾಳೆಯೇ ಎಲ್ಲ ಕಿತ್ತು ಬಿಸಾಡ್ತೇನೆ ನೋಡು" ಎಂದು ಗುಡುಗಿದೆ.

"ಅಮ್ಮನಿಗೆ ಗೊತ್ತುಂಟಾ?"

ಗುಡುಗು ಅಲ್ಲಿಗೇ ನಿಂತಿತು. "ನೀನು ಹೇಳಿದ್ದೀಯಾ?"

"ಇಲ್ಲ."

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಸರಸಳದ್ದಲ್ಲ, ಹರಕೆಯದ್ದು. ಆರು ವರ್ಷ ಕಾದು ಬಂದ ಮಗು. "ತಪ್ಪಾಯ್ತು ಮಗಾ. ಇವತ್ತಿಗೇ ನಿಲ್ಲಿಸ್ತೇನೆ. ಆ ಒಲೆಯನ್ನೇ ನಿಝಾಮನಿಗೆ ಕೊಟ್ಟು ಬಿಡ್ತೇನೆ."

"ಬೇಡ ಅಪ್ಪ, ನಿಲ್ಲಿಸಬೇಡಿ." ಅವಳ ದನಿ ಸಣ್ಣಗಾಯಿತು. "ನಾನು ಹರಕೆ ಸರಿಯಾಗಿ ಹಿಡಿದಿದ್ದೇನೆ. ಇಲ್ಲಿ ಮನೆಯ ಎದುರೇ ಮೀನು ಮಾರ್ಕೆಟು, ನನಗೆ ದಿನಾ ಬೇಳೆಸಾರು. ನಿಮ್ಮ ಮೂರೂವರೆ ಅಂದ್ರೆ ಇಲ್ಲಿ ಎರಡು ಗಂಟೆ, ನನ್ನ ಊಟದ ಹೊತ್ತು. ಗುರುವಾರ ಮೊಬೈಲನ್ನು ಬಟ್ಟಲಿನ ಪಕ್ಕ ಒರಗಿಸಿ ಇಡ್ತೇನೆ. ಆ ಗೆರೆ ಹತ್ತುವುದನ್ನು ನೋಡ್ತಾ ಅನ್ನ ಉಣ್ತೇನೆ. ಅದೊಂದು ದಿನ ಗಂಟಲಲ್ಲಿ ಇಳಿಯುವುದು. ನಿನ್ನೆ ಗುಡ್ಡ ಬೇಗ ಇಳಿಯಿತು, ಅನ್ನ ಅರ್ಧ ಬಾಕಿ ಆಯ್ತು."

ಒಲೆಯನ್ನು ನಿಝಾಮನಿಗೆ ಕೊಡಲಿಲ್ಲ.

ಮುಂದಿನ ಗುರುವಾರ ನಿಝಾಮನನ್ನು ಹಿತ್ತಲಿನಿಂದಲೇ ವಾಪಸು ಕಳಿಸಿದೆ. ಮೂರೂವರೆಗೆ ಸರಿಯಾಗಿ ಬಾಣಲೆಗೆ ಬರೀ ನೀರು ಹೊಯ್ದು ಒಲೆ ಹಚ್ಚಿದೆ. ಉರಿ ಏರಿಸಿದೆ, ಇಳಿಸಿದೆ, ಮಗುಚುವಷ್ಟು ಹೊತ್ತು ಬಿಟ್ಟು ಪುನಃ ಏರಿಸಿದೆ. ಮುಕ್ಕಾಲು ಗಂಟೆ ಬೆವರು ಸುರಿಸುತ್ತ ನಿಂತೆ. ಹೋಟೆಲಿನಲ್ಲಿ ಮಂತ್ರಿಗಳು ಊಟಕ್ಕೆ ಬಂದಾಗಲೂ ಇಷ್ಟು ಶ್ರದ್ಧೆಯಿಂದ ನಾನು ಏನನ್ನೂ ಬೇಯಿಸಿರಲಿಲ್ಲ.

ಒಲೆ ಆರಿಸುವುದರೊಳಗೆ ಫೋನು ಬಂತು. "ಅಪ್ಪ, ಇವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ. ಭಾರೀ ರುಚಿ ಇತ್ತು. ಎಂತ ಮೀನು, ಅಂಜಲ್ ಅಲ್ವಾ?"

ನಾನು ಬಾಣಲೆಯ ನೀರನ್ನೊಮ್ಮೆ ನೋಡಿದೆ.

"ಹೌದು ಮಗಾ, ಅಂಜಲ್" ಎಂದೆ. "ದೊಡ್ಡ ತುಂಡು ನಿನಗೆ."