ಬೆಟಗೇರಿ ಮಗ್ಗದ ಮನ್ಯಾಗ ತಿಮಿಂಗಿಲ

ನಮ್ಮ ಮನ್ಯಾಗ ಸುಮ್ನ ನೀರು ಕುಡಿಯಾಕ ಎದ್ರೂ ಒಂದು ಫಜೀತಿ ಆಗೇ ಆಗತೈತಿ. ಅಂಥಾದ್ರಾಗ ನಾ ಕಾಲೇಜಿನ ಕಡೀ ವರ್ಷದ ಪ್ರಾಜೆಕ್ಟಿಗೆ ತಿಮಿಂಗಿಲ ಆರಿಸಿಕೊಂಡೆ! ಕೂಗು ಕೇಳಿ, ಇದು ನೀಲಿ ತಿಮಿಂಗಿಲ, ಇದು ಗೂನುಬೆನ್ನಿಂದು ಅಂತ ಕಂಪ್ಯೂಟರ್ ಹೇಳಬೇಕು. ಇದ್ರಾಗ ಫೇಲಾದ್ರ ಡಿಗ್ರೀನ ಇಲ್ಲ. ಕೇಳ್ರಿ ಮತ್ತ.

೧. ಎಮ್ಮಿ

ಮೊದಲನೇ ದಿನ ಮೊಬೈಲಿನ್ಯಾಗ ಗೂನುಬೆನ್ನಿನ ಕೂಗು ಜೋರಾಗಿ ಹಚ್ಚಿದೆ. ಬಾಜೂ ಮನಿ ಅಜ್ಜಿ ಓಡಿ ಬಂದ್ಲು.

"ಎಮ್ಮಿ ಈಯಾಕ ಹತ್ತೈತಿ, ಬಿಸಿನೀರು ಇಡ್ರಿ ಜಲ್ದಿ!"

"ಅಜ್ಜಿ, ನಮ್ಮನ್ಯಾಗ ಎಮ್ಮೀನ ಇಲ್ಲ. ಇದು ಸಮುದ್ರದಾಗಿನ ತಿಮಿಂಗಿಲ."

ಅಜ್ಜಿ ಇನ್ನೊಮ್ಮೆ ಕಿವಿಗೊಟ್ಟು ಕೇಳಿದ್ಲು. "ಯಾವ್ದರ ಇರಲಿ, ಗಿಣ್ಣ ಮಾಡಿದ್ರ ನಮ್ಮನಿಗೂ ಒಂದು ಬಟ್ಲ ಕಳಸು."

೨. ಅಮಾಸಿ

ಅಪ್ಪನ ಮಗ್ಗದ ಬಾಜೂಕ ಕುಂತು ಮೊಬೈಲಿನ್ಯಾಗ ನಾ ಕೂಗು ಹಚ್ಚೋದು, ಲ್ಯಾಪ್‌ಟಾಪಿನ ಮೈಕ್ ಕೇಳಿಸ್ಕೊಂಡು ಕಲಿಯೋದು. ಮೂರು ವಾರ ಹಂಗ ಕಲಿಸಿದ್ದೆ. ಪಟಾಪಟ್ ಬರೋಬ್ಬರಿ ಉತ್ತರ! ನಾಳೆ ಪರೀಕ್ಷಾ ಅನ್ನೋವಾಗ ನೋಡ್ತೀನಿ, ಯಾವುದು ಹಚ್ಚಿದ್ರೂ ಗೂನುಬೆನ್ನು ಅನ್ನಾಕ ಹತ್ತೈತಿ! ಅಳಕೋಂತ ಅಪ್ಪನ ಮುಂದ ಕುಂತೆ.

"ಇವತ್ತ ಅಮಾಸಿ ಅಲ್ಲೇನವ್ವಾ, ಮಗ್ಗ ಬಂದ್," ಅಂದ ಅಪ್ಪ. "ದಿನಾ ನಾ ನೇಯೋವಾಗ ನೀ ನೀಲೀದು ಹಚ್ಚತಿದ್ದಿ, ನಾ ಉಣ್ಣೋವಾಗ ಇನ್ನೊಂದು."

ಆಗ ತಿಳೀತು ನೋಡ್ರಿ. ಆ ಪುಣ್ಯಾತ್ಮ ಕಂಪ್ಯೂಟರ್ ತಿಮಿಂಗಿಲ ಕಲತೇ ಇರಲಿಲ್ಲ! ಮಗ್ಗದ ಖಟಕ್ ಖಟಕ್ ಇದ್ರ ನೀಲಿ, ಇಲ್ಲಂದ್ರ ಗೂನುಬೆನ್ನು, ಅಷ್ಟ!

"ಅಪ್ಪಾ, ನಾಳೆ ಅರ್ಧ ತಾಸು ಮಗ್ಗ ಕಾಲೇಜಿಗೆ ತರಾಕ ಆಗತೈತೇನು?"

"ತರೂಣಂತ. ಕಾಲು ಇಳಿಬಿಟ್ಟು ನೇಯಾಕ ಕುಣಿ ಬೇಕಲ್ಲ, ಅದನ್ನ ನಿಮ್ಮ ಪ್ರಿನ್ಸಿಪಾಲರು ತೋಡ್ತಾರೇನು?"

೩. ಸಮುದ್ರ

ಮೈಕ್ ಬಂದ್ ಮಾಡಿ, ಕೂಗಿನ ಫೈಲು ಸೀದಾ ಕಂಪ್ಯೂಟರಿಗೆ ಹಾಕಿ, ಅವತ್ತ ಮೊದಲಿಂದ ಕಲಿಸಿದೆ. ಮರುದಿನ ಪರೀಕ್ಷಾ ಮಾಡಾಕ ಬ್ಯಾರೆ ಊರಿನ ಸರ್ ಬಂದಿದ್ರು. ಮಾರಿ ನೋಡಿದ್ರ ನಡುಗಬೇಕು! ತಾವ ಒಂದು ಫೈಲು ಆರಿಸಿ ಒತ್ತಿದ್ರು. ಕಂಪ್ಯೂಟರ್ "ನೀಲಿ ತಿಮಿಂಗಿಲ" ಅಂತು.

"ಇದು ಖರೇನ ನೀಲೀದು ಅಂತ ನಿಂಗ ಹೆಂಗ ಗೊತ್ತು?"

"ಕೂಗು ರೆಕಾರ್ಡ್ ಮಾಡಿದವ್ರು ಬರದಾರ್ರಿ ಸರ."

"ನೀ ಸಮುದ್ರ ನೋಡೀಯೇನು?"

"ಸಿಂಗಟಾಲೂರಾಗ ಹೊಳಿ ನೋಡೇನ್ರಿ..."

ಸರ್ ಆ ಕಡೆ ಈ ಕಡೆ ನೋಡಿದ್ರು. ಸಣ್ಣ ದನಿ ತೆಗೆದ್ರು. "ನಾನೂ ಅಷ್ಟ ನೋಡಿದ್ದು ನೋಡವ್ವಾ. ಇಬ್ರೂ ನೋಡಿಲ್ಲಂದಮ್ಯಾಲ ತಪ್ಪು ಹುಡುಕೋರ ಯಾರು? ನಡಿ, ಪಾಸ್!"