ಏಸಿ ಹಾಕದ ಅಣ್ಣನ ಜೊತೆ ಬ್ಯಾಡ್‌ಲ್ಯಾಂಡ್ಸ್‌ಗೆ

ನನ್ನ ಅಣ್ಣನಿಗೆ ತಲೆ ಸರಿಯಾಗಿಯೇ ಇದೆ. ಬೇಸಿಗೆಯಲ್ಲಿ ಅವನ ಕಾರು ಹತ್ತಿ ಇಳಿದವರು ಮಾತ್ರ ಇದನ್ನು ಒಪ್ಪುವುದಿಲ್ಲ.

ಅವನು ಮಿಶಿಗನ್ನಿನ ಪ್ಲಿಮತ್‌ನಲ್ಲಿ ಕಾರುಗಳ ಏಸಿ ಪರೀಕ್ಷೆ ಮಾಡುವ ಇಂಜಿನಿಯರು. ಕುಲುಮೆಯಂಥ ಕೋಣೆಯಲ್ಲಿ ಕಾರು ನಿಲ್ಲಿಸಿ, ಎಷ್ಟು ಹೊತ್ತಿಗೆ ತಣ್ಣಗಾಯಿತು ಎಂದು ಬರೆದುಕೊಳ್ಳುವುದೇ ಕೆಲಸ. ಆದರೆ ತನ್ನ ಸ್ವಂತ ಕಾರಿನಲ್ಲಿ ಏಸಿ ಹಾಕುವುದೇ ಇಲ್ಲ! "ರಜಾದಲ್ಲೂ ಆಫೀಸ್ ಕೆಲಸ ಮಾಡ್ಲೇನೆ?" ಎನ್ನುತ್ತಾನೆ. ಏಳನೇ ಕ್ಲಾಸು ಓದಿದ ನಾನು ಇದಕ್ಕೆ ಏನು ಉತ್ತರ ಕೊಡಲಿ?

ಕ್ಯಾಮೆರಾಗೆ ಇನ್ನೂ ರೀಲು ಹಾಕುತ್ತಿದ್ದ ಕಾಲ. ಒಂದು ಜುಲೈನಲ್ಲಿ ಅವನು ಡೆಸ್ ಪ್ಲೇನ್ಸ್‌ನ ನಮ್ಮ ಮನೆಗೆ ಬಂದು, "ನಡಿ, ಸೌತ್ ಡಕೋಟದ ಬ್ಯಾಡ್‌ಲ್ಯಾಂಡ್ಸ್ ನೋಡ್ಕೊಂಡು ಬರೋಣ. ಒಂಬೈನೂರು ಮೈಲಿ. ನಾನರ್ಧ, ನೀನರ್ಧ ಡ್ರೈವ್ ಮಾಡೋಣ" ಎಂದ. ನನಗೆ ಲೈಸೆನ್ಸೇ ಇರಲಿಲ್ಲ!

ತಪ್ಪು ನನ್ನದೇ. ಬರೆಯುವ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದೆ. ಇಂಗ್ಲಿಷಿನ ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಉತ್ತರಗಳೆಲ್ಲ ಕಲಸಿಹೋಗುತ್ತಿದ್ದವು. ಮೂರನೇ ಸಲ ಅವನು ಫೋನಿನಲ್ಲಿ "ಏನಾಯ್ತೇ?" ಎಂದಾಗ ಬಾಯಿಂದ "ಪಾಸಾದೆ ಅಣ್ಣ, ಲೈಸೆನ್ಸೂ ಕೊಟ್ರು" ಎಂದು ಬಂದುಬಿಟ್ಟಿತು. ನಾಳೆ ತಿದ್ದಿಕೊಳ್ಳೋಣ ಎಂದುಕೊಂಡೆ. ಅಷ್ಟರಲ್ಲಿ ಅವನು ಪ್ಲಿಮತ್‌ನ ಕನ್ನಡದವರ ಮನೆಮನೆಗೂ ಮೈಸೂರು ಪಾಕ್ ಹಂಚಿಯಾಗಿತ್ತು. ತಿಂದವರಿಂದ ಮೈಸೂರು ಪಾಕ್ ವಾಪಸ್ ಕೇಳುವುದು ಹೇಗೆ? ವಿಮಾನದ ಊಟ ಪ್ಯಾಕ್ ಮಾಡುವ ಕೆಲಸಕ್ಕೆ ನಾನು ಬಸ್ಸಿನಲ್ಲಿ ಹೋಗುವುದು ಐದು ಗಂಟೆ ದೂರದಲ್ಲಿರುವ ಅವನಿಗೆ ಕಾಣುತ್ತಲೂ ಇರಲಿಲ್ಲ. ಒಂದೂವರೆ ವರ್ಷ ಹಾಗೇ ಕಳೆಯಿತು.

ಹೊರಡುವ ದಿನ ಅವನು, ಸೈನ್ಸ್ ಓದಿದವನು, ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು ಸ್ಟಿಯರಿಂಗಿಗೆ ಕುಂಕುಮ ಹಚ್ಚಿದ. "ಫಸ್ಟ್ ಟೈಮ್ ನನ್ನ ಗಾಡಿ ಓಡಿಸ್ತಿದೀಯ. ಹಣ್ಣಿನ ಮೇಲೆ ನೀನೇ ಹತ್ತಿಸು" ಎಂದ.

"ಮನೆಗೆ ಹಿರಿಯರು ಹತ್ತಿಸಬೇಕು. ಅದೇ ಶಾಸ್ತ್ರ" ಎಂದೆ.

ಅಂಥ ಶಾಸ್ತ್ರ ಎಲ್ಲೂ ಇಲ್ಲ. ನಮ್ಮ ಮನೆಯ ಪಾರ್ಕಿಂಗ್ ಲಾಟಿನಲ್ಲಿ ಆಗತಾನೆ ಹುಟ್ಟಿತು.

ವಿಸ್ಕಾನ್ಸಿನ್‌ನಲ್ಲಿ ನನಗೆ ಕಣ್ಣುರಿ ಬಂತು. ಮಿನ್ನೆಸೋಟದಲ್ಲಿ ಕಾಲು ಜೋಮು ಹಿಡಿಯಿತು. ಸೌತ್ ಡಕೋಟ ಬರುವಷ್ಟರಲ್ಲಿ ಮೈಯಲ್ಲಿ ಕೆಡಲು ಇನ್ನೇನೂ ಉಳಿದಿರಲಿಲ್ಲ. "ಇವತ್ತು ಅಮಾವಾಸ್ಯೆ, ಓಡಿಸಲ್ಲ" ಎಂದೆ.

"ನಿನ್ನೆ ಸಾಯಂಕಾಲ ಹುಣ್ಣಿಮೆ ಚಂದ್ರಂಗೆ ಕೈ ಮುಗಿದ್ಯಲ್ಲೇ!"

ಬ್ಯಾಡ್‌ಲ್ಯಾಂಡ್ಸ್ ಬಂತು. ಗೆರೆಗೆರೆಯ ಬೋಳು ಮಣ್ಣುಗುಡ್ಡಗಳು, ಸೀಳಿದ ಕೊರಕಲುಗಳು, ಕಣ್ಣು ಹಾಯುವವರೆಗೆ ಒಂದು ಮರವಿಲ್ಲ. ಯಾರೋ ಒಲೆಯ ಮೇಲೆ ಬಾಣಲೆ ಇಟ್ಟು ಮರೆತುಹೋದ ಹಾಗಿತ್ತು. ಕಿಟಕಿಯಿಂದ ಬರುತ್ತಿದ್ದ ಗಾಳಿಗೆ ಹಪ್ಪಳ ಸುಡಬಹುದಿತ್ತು. ಅಣ್ಣ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಥರ್ಮಾಮೀಟರ್ ನೋಡಿ, "ನೂರಾ ಒಂಬತ್ತು ಫ್ಯಾರನ್‌ಹೀಟ್! ನಮ್ಮ ಲ್ಯಾಬಲ್ಲೂ ಇಷ್ಟು ನೀಟಾಗಿ ಬರಲ್ಲ" ಎಂದು ಖುಷಿಪಟ್ಟ.

ಆ ಖುಷಿ ಹತ್ತು ಮೈಲಿ ಬಂತು. ಆಮೇಲೆ ಅವನು ಮಣ್ಣುರಸ್ತೆಯ ಪಕ್ಕಕ್ಕೆ ಕಾರು ನಿಲ್ಲಿಸಿದ. ಮುಖ ಬಿಳಿಚಿಕೊಂಡಿತ್ತು. "ತಲೆ ಸುತ್ತುತ್ತಿದೆ ಕಣೆ. ನೀನು ಓಡಿಸು" ಎಂದು ಕೀ ಚಾಚಿದ.

ಸುತ್ತ ನೋಡಿದೆ. ದೂರದಲ್ಲಿ ಒಂದು ಕಾಡೆಮ್ಮೆ ನಿಂತಿತ್ತು. ಅದಕ್ಕೂ ಲೈಸೆನ್ಸ್ ಇರಲಿಲ್ಲ.

"ಅಣ್ಣ, ನನಗೆ ಗಾಡಿ ಓಡಿಸೋಕೆ ಬರಲ್ಲ. ಲೈಸೆನ್ಸ್ ಇಲ್ಲ. ಮೂರು ಸಲಾನೂ ಫೇಲು. ನಿನಗೆ ಸುಳ್ಳು ಹೇಳಿದ್ದೆ."

ಅವನು ಕಣ್ಣು ಮುಚ್ಚಿ ಸೀಟಿಗೆ ಒರಗಿದ. ಅವನಿಗೇನಾದರೂ ಆದರೆ ಈ ಸುಳ್ಳೇ ಅವನನ್ನು ಕೊಂದಂತೆ ಎನಿಸಿತು. ಕೀ ತಿರುಗಿಸಿ ಏಸಿಯ ಗುಂಡಿ ಒತ್ತಿದೆ. ಆ ಕಾರಿನಲ್ಲಿ ನನಗೆ ಗೊತ್ತಿದ್ದುದು ಅಷ್ಟೇ. ನೀರು ಕುಡಿಸಿ, ವೇಲನ್ನು ಒದ್ದೆ ಮಾಡಿ ಹಣೆಗೆ ಇಟ್ಟೆ. ಬಹಳ ಹೊತ್ತಿನ ಮೇಲೆ ಮುಖಕ್ಕೆ ಬಣ್ಣ ಬಂತು. ಬೈಗುಳಕ್ಕೆ ತಯಾರಾಗಿ ಕೂತೆ.

"ನಿನ್ನನ್ನ ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದು ಯಾಕೆ, ಗೊತ್ತಾ?" ಎಂದ.

"ಗೊತ್ತು. ಪಿಯುಸಿಗೆ ನೀನು ಮೈಸೂರಲ್ಲಿ ರೂಮು ಮಾಡ್ದೆ. ಅಡುಗೆ ಬರಲ್ಲ ಅಂದೆ. ಅಪ್ಪ ನನ್ನನ್ನ ಜೊತೆಗೆ ಕಳಿಸಿದ್ರು."

"ನನಗೆ ಅಡುಗೆ ಬರ್ತಿತ್ತು ಕಣೆ." ಅವನು ಗುಡ್ಡಗಳ ಕಡೆ ನೋಡುತ್ತಿದ್ದ. "ಹೈಸ್ಕೂಲಲ್ಲಿದ್ದಾಗಲೇ ಹಾಸ್ಟೆಲಿನ ಹುಡುಗರ ಹತ್ರ ಕಲಿತಿದ್ದೆ. ಒಬ್ಬನೇ ಇರೋಕೆ ಭಯ ಆಗ್ತಿತ್ತು. ಅದಕ್ಕೆ ಅಪ್ಪನಿಗೆ ಸುಳ್ಳು ಹೇಳ್ದೆ. ನಿನ್ನ ಪುಸ್ತಕದ ಚೀಲ ಕಸಿದುಕೊಂಡಿದ್ದು ನಾನು. ಮೂರು ಸಲಾನೂ ಫೇಲಾಗಿದ್ದು ನೀನಲ್ಲ."

ಹಿಂದಿನ ಸೀಟಿನ ಐಸ್ ಬಾಕ್ಸಿನಿಂದ ಮೊಸರು, ಡಬ್ಬಿಯಿಂದ ಅನ್ನ ತೆಗೆದೆ. ಅಣ್ಣ ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ಉಪ್ಪು ಹಾಕಿ, ಕಲಸಿ, ಮೊದಲ ತುತ್ತನ್ನು ನನಗೆ ಕೊಟ್ಟ. ಅಷ್ಟು ವರ್ಷದಲ್ಲಿ ಅವನು ಕೊಟ್ಟು ನಾನು ಉಂಡದ್ದು ಅದೇ ಮೊದಲು.

"ಹೇಗಿದೆ?" ಎಂದ.

"ಚೆನ್ನಾಗಿದೆ ಅಣ್ಣ" ಎಂದೆ.

ಉಪ್ಪು ವಿಪರೀತ ಹೆಚ್ಚಾಗಿತ್ತು.